ಪೆಟ್ಲುಪ್ಪಿನವರು

ಹೇಳಬೇಕಾದದ್ದು ಒಂದೇ ಒಂದು ಮಾತು. ಅಪ್ಪಾ, ನಾನು ಕಲ್ಲೇಶಪ್ಪನವರನ್ನು ಮದುವೆಯಾಗಬೇಕು ಅಂತಿದ್ದೀನಿ. ಅಷ್ಟೇ. ಇದಕ್ಕೇನು ಮುಹೂರ್ತ ನೋಡಬೇಕೇ, ತಮಟೆ ಹೊಡೆಸಬೇಕೇ? ಆದರೂ ವನಮಾಲಾಳಿಗೆ ಬೆಳಿಗ್ಗೆ ಎದ್ದಾಗಿನಿಂದ ಅದು ಒಣ ಅವಲಕ್ಕಿ ಮುಕ್ಕಿದ ಹಾಗೆ ಗಂಟಲಲ್ಲೇ ಕೂತಿತ್ತು, ಕೆಳಗೂ ಇಳಿಯದು, ಮೇಲೂ ಬಾರದು. ಅಪ್ಪ ಕಿಟಕಿಯ ಬೆಳಕಿಗೆ ಪೇಪರು ಹಿಡಿದು ಕೂತಿದ್ದರು. ಕಾಫಿ ಲೋಟ ಕೈಗೆ ಕೊಡುವಾಗ ಹೇಳಿಬಿಡುವುದು ಎಂದು ಹಾಲು ಉಕ್ಕುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ಲೋಟ ಕೊಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ಅಪ್ಪಾ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವರೇ ಪೇಪರು ಮಡಚಿ, "ಇವತ್ತು ನಾನೂ ನಿಮ್ಮ ಸ್ಕೂಲಿಗೆ ಬರ್ತೀನಿ ಕಣೇ ವನಾ. ಆ ನಿನ್ನ ಯುದ್ಧದ ಆಟ ನೋಡ್ಬೇಕು," ಎಂದುಬಿಟ್ಟರು. ಅವರ ಮುಖದಲ್ಲಿ ಎಂಥದೋ ಮಕ್ಕಳಾಟದ ಖುಷಿ. ಶಾನುಭೋಗರ ಕಟ್ಟೆಯ ಮೇಲೆ ಯಾರೋ ಹೇಳಿದರಂತೆ, ನಿಮ್ಮ ಮಗಳು ಕಂಪ್ಯೂಟರಿನೊಳಗೆ ಒಂದು ಕೋಟೆ ಕಟ್ಟಿದ್ದಾಳೆ ಎಂದು. ಆಯಿತು ಬನ್ನಿ ಎಂದಳು. ಮಾತು ಮತ್ತೆ ಒಳಗೆ ಹೋಗಿ ಕೂತಿತು.

ಶನಿವಾರದ ಬೆಳಗಿನ ಸ್ಕೂಲು. ರೈಲ್ವೆ ಗೇಟು ಮುಚ್ಚಿತ್ತು. ಕಡೂರಿನ ಕಡೆ ಹೋಗುವ ಗೂಡ್ಸು ಅಳುತ್ತಾ ತೆವಳುತ್ತಿತ್ತು. ತರೀಕೆರೆಯಲ್ಲಿ ಹುಟ್ಟಿ ಬೆಳೆದು, ಮೂವತ್ತಾರು ವರ್ಷಕ್ಕೆ ಇಲ್ಲೇ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುವ ತನ್ನಂಥವಳಿಗೆ ಈ ಗೇಟಿನ ಹತ್ತಿರ ಕಾಯುವುದು ಉಸಿರಾಟದಷ್ಟೇ ಅಭ್ಯಾಸ. ಜಾತಿಯಾದರೂ ಅಡ್ಡ ಬರಬಾರದಿತ್ತೇ ಎಂದುಕೊಂಡಳು. ಹೌದು, ಅಡ್ಡ ಬರಬೇಕಿತ್ತು. ಕಲ್ಲೇಶಪ್ಪ ಹಿರೇನಲ್ಲೂರಿನ ಲಿಂಗಾಯತರು, ರಾಗಿ ಜೋಳ ಬೆಳೆಯುವ ಮನೆಯವರು. ಇವಳು ಬ್ರಾಹ್ಮಣರ ಮನೆಯವಳು, ತಾಲ್ಲೂಕು ಕಚೇರಿಯ ಶಾಮಣ್ಣನವರ ಮಗಳು. ಬೇರೆ ಮನೆಯಾಗಿದ್ದರೆ ಅಪ್ಪ ಎನ್ನುವವನು ಕೂಗಾಡುತ್ತಿದ್ದ, ಹೊಸಿಲು ದಾಟಿದರೆ ಕಾಲು ಮುರಿಯುತ್ತೇನೆ ಎನ್ನುತ್ತಿದ್ದ, ಮಗಳಿಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನ ಕಾವಿನಲ್ಲೇ ಹೊಸಿಲು ದಾಟುತ್ತಿದ್ದಳು. ಶಾಮಣ್ಣನವರು ಕೂಗಾಡುವವರಲ್ಲ. ನಿನ್ನಿಷ್ಟ ಕಣಮ್ಮ ಎನ್ನುತ್ತಾರೆ. ಒಳ್ಳೆಯ ಮನುಷ್ಯ ಅವನು ಎಂದೂ ಎನ್ನುತ್ತಾರೆ. ಆಮೇಲೆ ಮಧ್ಯಾಹ್ನ ಊಟಕ್ಕೆ ಹಸಿವಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಅದನ್ನು ದಾಟುವುದು ಹೇಗೆ ಸ್ವಾಮಿ? ಭದ್ರಾವತಿಯಲ್ಲಿ ತಮ್ಮ ರಾಮಸ್ವಾಮಿ ಕ್ವಾರ್ಟರ್ಸಿನಲ್ಲಿ ಅವರಿಗೆಂದೇ ಕೋಣೆ ಬಿಟ್ಟಿದ್ದಾನೆ, ಕಡೂರಿನಲ್ಲಿ ತಂಗಿ ಶಾರದೆ ಪ್ರತಿ ಹಬ್ಬಕ್ಕೂ ಬನ್ನಿ ಬನ್ನಿ ಎಂದು ಪ್ರಾಣ ಬಿಡುತ್ತಾಳೆ. ಅವರು ಅನಾಥರಾಗುವುದಿಲ್ಲ. ಇದೂ ಅವಳಿಗೆ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಅದೇ ಪೀಡೆಯಾಗಿತ್ತು.

ಹೋದ ವರ್ಷ ಸರ್ಕಾರದಿಂದ ಎರಡು ಕಂಪ್ಯೂಟರು ಬಂದಾಗ ಇಡೀ ಸ್ಕೂಲಿಗೆ ಸಂಭ್ರಮ. ಭೂಗೋಳದ ನಕ್ಷೆಗಳನ್ನು ತುಂಬಿದ್ದ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಪರದೆ ಕಟ್ಟಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬರೆಸಿದರು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಟೀವಿಯಂಥ ಆ ಡಬ್ಬದ ನೆತ್ತಿಯ ಮೇಲಿತ್ತು. ಮೈಸೂರಿಗೆ ಕಳಿಸಿ ತರಬೇತಿ ಕೊಡಿಸಿದ್ದು ಗಣಿತದ ಮೇಷ್ಟರು ಕಲ್ಲೇಶಪ್ಪನವರಿಗೆ. ಲೆಕ್ಕ ಮಾಡಿಸಿ ಮಾಡಿಸಿ ಬೇಸರವಾಗಿ, ಮಕ್ಕಳಿಗೊಂದು ಆಟ ಬರೆಯೋಣ, ಹಳೆಯ ಕಾಲದ ಯುದ್ಧದ ಆಟ, ಇತಿಹಾಸದ ವಿವರ ನೀವು ಹೇಳಿ ಎಂದು ಅವರು ವನಮಾಲಾಳನ್ನು ಕರೆದರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಆ ಕೋಣೆಯಲ್ಲಿ ಕೂರುವುದಾಯಿತು. ಎರಡನೇ ಶನಿವಾರವೇ ಹೆಡ್ ಮಾಸ್ಟರು ಜವಾನ ಗಿಡ್ಡಪ್ಪನಿಗೆ ಒಂದು ಸ್ಟೂಲು ಕೊಟ್ಟು ಬಾಗಿಲಲ್ಲಿ ಕೂರಿಸಿದರು. ಬಾಗಿಲು ತೆಗೆದೇ ಇರಲಿ, ಸೆಕೆ ಎಂದರು. ಧೂಳು ಹೋಗಬಾರದೆಂದು ಪರದೆ ಕಟ್ಟಿಸಿದವರು ಅವರೇ. ಗಿಡ್ಡಪ್ಪ ಪಾಪ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದ. ಅವನ ಗೊರಕೆಯೇ ಇವಳ ಶೀಲಕ್ಕೆ ಕಾವಲು. ಸ್ಟಾಫ್ ರೂಮಿನಲ್ಲಿ, ಯುದ್ಧ ಎಲ್ಲಿಗೆ ಬಂತು ಮೇಡಂ, ಇನ್ನೂ ಸಂಧಾನ ಆಗಲಿಲ್ಲವೇ ಎಂದು ಡ್ರಿಲ್ ಮೇಷ್ಟರು ಕೇಳುತ್ತಿದ್ದರು. ಉಳಿದವರು ಚಹಾದ ಲೋಟದೊಳಗೆ ನಗುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು, ಆಮೇಲೆ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ ಕಿವಿ ಕೆಂಪಗೆ ಕಾದಿರುತ್ತಿತ್ತು.

ಆಟ ಇಷ್ಟೇ. ಒಬ್ಬ ಪಾಳೆಯಗಾರ, ಅವನದೊಂದು ಕೋಟೆ, ಕೋಟೆಯ ಸುತ್ತ ಒಂದಷ್ಟು ಮನೆಗಳು. ಮುತ್ತಿಗೆ ಹಾಕಲು ಶತ್ರು ವರ್ಷ ವರ್ಷವೂ ಬರುತ್ತಾನೆ. ಆಡುವವನೇ ಪಾಳೆಯಗಾರ, ಪ್ರತಿ ವರ್ಷ ಎಷ್ಟು ಮನೆಯವರು ಉಳಬೇಕು, ಎಷ್ಟು ಮನೆಯವರು ಕಬ್ಬಿಣ ಕರಗಿಸಬೇಕು, ಎಷ್ಟು ಮನೆಯವರು ಇದ್ದಿಲು ಸುಡಬೇಕು ಎಂದು ಅವನು ಹಂಚಬೇಕು. ಪೆಟ್ಲುಪ್ಪಿನವರೆಂದು ಇನ್ನೊಂದು ಗುಂಪು: ಹಳೆಯ ಮಣ್ಣುಗೋಡೆಯ ಬುಡದಲ್ಲಿ ಬಿಳಿಚಿಕೊಂಡ ಮಣ್ಣು ಕೆರೆದು, ನೆನೆಸಿ, ಕುದಿಸಿ ಉಪ್ಪು ತೆಗೆಯುವವರು. ಆ ಉಪ್ಪಿಲ್ಲದೆ ಕೋವಿಗೆ ಮದ್ದಿಲ್ಲ. ಮದ್ದು ಕಡಿಮೆಯಾದರೆ ಕೋಟೆ ಬೀಳುತ್ತದೆ, ಬತ್ತ ಕಡಿಮೆಯಾದರೆ ಜನ ಸಾಯುತ್ತಾರೆ. ಇದರ ಮೇಲೆ ಅವರಿಬ್ಬರೂ ಜಗಳವಾಡಿದ್ದೇ ಆಡಿದ್ದು. ಆಡುವವನ ಕೈಯಲ್ಲಿ ಎಲ್ಲ ಇರಬೇಕು, ಒಬ್ಬೊಬ್ಬ ಕಮ್ಮಾರನೂ ಅವನು ಹೇಳಿದ ಕಡೆ ಹೋಗಬೇಕು, ಇಲ್ಲದಿದ್ದರೆ ಅದೆಂಥ ಆಟ ಎಂದು ಕಲ್ಲೇಶಪ್ಪ. ಯಾವ ಪಾಳೆಯಗಾರನ ಕೈಯಲ್ಲೂ ಅಷ್ಟೆಲ್ಲ ಇರಲಿಲ್ಲ, ಜನ ಚದುರಂಗದ ಕಾಯಿಗಳಲ್ಲ ಎಂದು ವನಮಾಲಾ. ಅವಳಿಗೆ ಇಷ್ಟು ಗಟ್ಟಿಯಾಗಿ ಮಾತಾಡಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿಗೆ ಯಾವ ಮಾವಿನಕಾಯಿ ಎಂಬುದಕ್ಕೂ ಅವಳು ಈವರೆಗೆ ಎದುರಾಡಿದವಳಲ್ಲ. ಇಲ್ಲಿ ಮೇಜು ಗುದ್ದಿ ಮಾತಾಡುತ್ತಿದ್ದಳು, ಆ ಮನುಷ್ಯ ಗದ್ದಕ್ಕೆ ಕೈಯಿಟ್ಟು ಕೇಳುತ್ತಿದ್ದ, ಕೇಳಿ ಯೋಚಿಸುತ್ತಿದ್ದ. ತಾನು ಹೇಳಿದ್ದನ್ನು ಒಬ್ಬರು ಯೋಚಿಸುವುದು ನೋಡಲು ಎಷ್ಟು ಚೆಂದ ಎಂದು ಮೂವತ್ತಾರನೇ ವಯಸ್ಸಿನಲ್ಲಿ ತಿಳಿಯಿತು ಅವಳಿಗೆ. ನಾಚಿಕೆಯಾಗುವಷ್ಟು ಸಂತೋಷಪಟ್ಟಳು.

ಮೊದಲನೇ ಪೀರಿಯಡ್ಡು ಒಂಬತ್ತನೇ ತರಗತಿ. ಹುಡುಗರು ಬಹಮನಿ ರಾಜ್ಯ ಎಂದು ಓದುತ್ತಿದ್ದರು, ಅವಳ ಕಿವಿಯಲ್ಲಿ ಎಪ್ಪತ್ತೊಂದರ ರೇಡಿಯೋ. ಆ ವರ್ಷ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಿದ್ದರು; ಚಳಿಗಾಲದಲ್ಲಿ ಯುದ್ಧ ಬಂತು. ಊರ ಮಹಿಳಾ ಸಮಾಜದವರು ಉಲ್ಲನ್ ಹಂಚಿ, ಸೈನಿಕರಿಗೆ ಕಾಲುಚೀಲ ಹೆಣೆಯಿರಿ ಎಂದಿದ್ದರು. ಊಟವಾದ ಮೇಲೆ ಅವಳು ಕಂಬಕ್ಕೊರಗಿ ಹೆಣೆಯುತ್ತಿದ್ದಾಗ ಅಪ್ಪ ಮಕ್ಕಳನ್ನೆಲ್ಲ ಕೂರಿಸಿಕೊಂಡು ಮೆತ್ತಗೆ ಮಾತಾಡಿದರು. ರಾಮಸ್ವಾಮಿ ಇಂಜಿನಿಯರಿಂಗ್ ಓದಲಿ. ಶಾರದೆಗೆ ಒಂದೆರಡು ವರ್ಷದಲ್ಲಿ ಗಂಡು ನೋಡೋಣ, ಅವಳು ಸುಕುಮಾರಿ. ವನಾ ಧೈರ್ಯವಂತೆ, ಬಿ.ಎಡ್. ಮಾಡಿಕೊಂಡು ಇಲ್ಲೇ ಕೆಲಸಕ್ಕೆ ಸೇರಲಿ, ಮನೆಗೊಬ್ಬರು ಆಸರೆ ಬೇಕಲ್ಲ. ಅವಳಿಗೆ ಮೈಸೂರಿಗೆ ಹೋಗಿ ಎಂ.ಎ. ಓದುವ ಆಸೆಯಿತ್ತು, ಆ ಆಸೆಯನ್ನು ಅಮ್ಮನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು. ಆದರೆ ಆ ಹೊತ್ತಿನಲ್ಲಿ ಅವಳಿಗಾದದ್ದು ಹೆಮ್ಮೆ. ಧೈರ್ಯವಂತೆ ಎಂದರಲ್ಲ! ಎಲ್ಲರಿಗೂ ಅವರವರ ಕೆಲಸ ಸಿಕ್ಕಿತು, ಯಾರಿಗೂ ಮೋಸವಾಗಲಿಲ್ಲ, ಅಪ್ಪ ಎದ್ದು ಕೈ ತೊಳೆದು ನಿಶ್ಚಿಂತೆಯಾಗಿ ಮಲಗಿದರು. ತಮ್ಮ ಓದಿದ, ತಂಗಿಯ ಮದುವೆಯಾಯಿತು. ಆಮೇಲೆ ಯಾರೂ ಮತ್ತೆ ಕೂತು ಹಂಚಲಿಲ್ಲ. ಆಗ ಹಂಚಿದ್ದೇ ಉಳಿಯಿತು. ಅವಳು ಹೆಣೆದ ಕಾಲುಚೀಲ ಯಾವ ಸೈನಿಕನ ಕಾಲಿಗೆ ಹೋಯಿತೋ, ಸರಿಹೋಯಿತೋ ಬಿಗಿಯಾಯಿತೋ, ಅದನ್ನೂ ಯಾರೂ ಬಂದು ಹೇಳಲಿಲ್ಲ. ಮುಂದೆ ಓದಲಾ ಮಿಸ್ ಎಂದು ಹುಡುಗ ಕೇಳಿದಾಗ, ಓದು ಎಂದಳು. ಅವನು ಆಗಲೇ ಪಾಠ ಮುಗಿಸಿ ಪ್ರಶ್ನೆಗಳಿಗೆ ಬಂದಿದ್ದ.

ಕಲ್ಲೇಶಪ್ಪನವರಿಗೆ ಕಡೂರಿಗೆ ವರ್ಗವಾಗಿತ್ತು. ಸೋಮವಾರ ಅಲ್ಲಿ ಹಾಜರಾಗಬೇಕು. ಹೋದ ಶನಿವಾರ ಗಿಡ್ಡಪ್ಪನ ಗೊರಕೆಯ ಮರೆಯಲ್ಲಿ ಅವರು ಕೇಳಿದ್ದರು, ಕಂಪ್ಯೂಟರಿನ ಕೀಲಿಗಳ ಮೇಲೇ ಕಣ್ಣಿಟ್ಟುಕೊಂಡು, ಮೇಡಂ ಎಂದೇ ಕರೆದು. ಮದುವೆಯಾದರೆ ನೀವೂ ಕಡೂರಿಗೆ ವರ್ಗ ಕೇಳಬಹುದು, ನಿಮ್ಮ ತಂದೆಯವರು ಬಂದರೆ ಅವರೂ ಇರಲಿ, ನನ್ನ ತಾಯಿ ಒಂದೆರಡು ದಿನ ಮುಖ ಊದಿಸಿಕೊಂಡಾರು, ಆಮೇಲೆ ಎಲ್ಲ ಸರಿಹೋಗುತ್ತದೆ. ನಾನೇ ಬಂದು ಅವರನ್ನು ಕೇಳಲೇ ಎಂದೂ ಅಂದರು. ಬೇಡ, ನಾನೇ ಹೇಳುತ್ತೇನೆ, ಶನಿವಾರದೊಳಗೆ ಹೇಳುತ್ತೇನೆ ಎಂದಳು. ಆಗ ಅವರು ಮೊದಲ ಸಲ ಅವಳ ಮುಖ ನೋಡಿ ಹೇಳಿದ ಮಾತು ವಾರವಿಡೀ ಅವಳ ಜೊತೆ ಅಡುಗೆಮನೆ, ಬಚ್ಚಲು, ಸ್ಟಾಫ್ ರೂಮು ಎಲ್ಲ ಕಡೆ ಓಡಾಡಿತ್ತು. "ನೀವು ಬ್ಯಾಡ ಅಂದ್ರೂ ನಂಗೇನು ಸಿಟ್ಟಿಲ್ಲ. ಆದ್ರೆ ಇನ್ನೊಂದ್ಸಲ ಕೇಳೋ ಶಕ್ತಿ ನಂಗಿಲ್ಲ, ಮೇಡಂ." ಹಿರೇನಲ್ಲೂರಿನಲ್ಲಿ ಅವರ ತಾಯಿ ಹೆಣ್ಣು ನೋಡಿಟ್ಟಿದ್ದಾರೆಂಬುದನ್ನು ಅವರು ಹೇಳಲಿಲ್ಲ. ಡ್ರಿಲ್ ಮೇಷ್ಟರು ಹೇಳಿದರು.

ಆಟದೊಳಗೆ ಒಂದು ನಿಯಮವನ್ನು ಸೇರಿಸಿದ್ದು ಅವಳು. ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ನಿಂತಿದ್ದ ದಿನದಿಂದ ಅದು ಅವಳೊಳಗೆ ಇತ್ತೇನೋ. ಲೆವಿ ಕಾಲ, ರೈತರ ಮನೆಮನೆಯಿಂದ ಸರ್ಕಾರಕ್ಕೆ ಇಷ್ಟು ಬತ್ತ ಎಂದು ವಸೂಲಿ. ಅಪ್ಪನೇ ಅದರ ಮೇಲ್ವಿಚಾರಣೆಗೆ ಜೀಪಿನಲ್ಲಿ ಓಡಾಡುತ್ತಿದ್ದರು. ಹಳೇ ಕೆರೆ ನೋಡುವ ನೆಪದಲ್ಲಿ ಒಂದು ಭಾನುವಾರ ಅವಳೂ ಹೋಗಿದ್ದಳು. ಉಳಿದ ಅಧಿಕಾರಿಗಳು ಕಣಜ ಬಗೆದು ಹಾಕುತ್ತಿದ್ದರು, ಅಪ್ಪ ಹಾಗಲ್ಲ. ಹುಲಿಗೆಮ್ಮ ಎಂಬ ಹೆಂಗಸಿನ ಮನೆಯಲ್ಲಿ ಎಷ್ಟು ಬಾಯಿ ಎಂದು ಕೇಳಿ, ಊಟಕ್ಕೆ ಬಿಟ್ಟು, ಬೀಜಕ್ಕೆ ಬಿಟ್ಟು, ಉಳಿದದ್ದನ್ನಷ್ಟೇ ಅಳೆಸಿದರು. ಯಾರ ಮನೆಯ ಒಲೆಯೂ ಆರಬಾರದು ಎಂದು ದಾರಿಯುದ್ದಕ್ಕೂ ಮಗಳಿಗೆ ಹೇಳಿದರು. ಮುಂದಿನ ಸುಗ್ಗಿಗೆ ಹೋದರೆ ಹುಲಿಗೆಮ್ಮನ ಬಾಗಿಲಿಗೆ ಬೀಗ. ಗಂಡ ಮಕ್ಕಳ ಸಮೇತ ಎಲ್ಲಿಗೋ ಹೊರಟುಹೋಗಿದ್ದಳು, ಅಕ್ಕಪಕ್ಕದವರಿಗೂ ಹೇಳದೆ. ಅಪ್ಪ ಅವತ್ತು ತುಂಬಾ ನೊಂದುಕೊಂಡರು. ಬೀಜದ ಬತ್ತ ಕೂಡ ಮುಟ್ಟಿರಲಿಲ್ಲವಲ್ಲೇ ನಾನು, ಯಾಕೆ ಹೋದಳು ಎಂದು ಮತ್ತೆ ಮತ್ತೆ ಕೇಳಿದರು, ಮಗಳು ಉತ್ತರ ಹೇಳಬಲ್ಲಳು ಎನ್ನುವ ಹಾಗೆ. ಆದರೆ ಆ ಬೀಗ ನೋಡಿದಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಯಾಕೆ ಆಯಿತೆಂದು ಹೆದರಿಕೆಯೂ ಆಗಿತ್ತು.

ಹಾಗಾಗಿ ಕಲ್ಲೇಶಪ್ಪನವರಿಗೆ ಹೇಳಿದಳು: ಬಹಳ ವರ್ಷ ಒಂದೇ ಕೆಲಸದಲ್ಲಿ ಇಟ್ಟವರು ಹೊರಟುಹೋಗಬೇಕು. ಹೊಟ್ಟೆಗೆ ಕಡಿಮೆಯಾದರೋ ಎಂದರು. ಇಲ್ಲ, ಹೊಟ್ಟೆ ತುಂಬಿದ್ದರೂ. ಇದು ಯಾವ ಗ್ರಂಥದಲ್ಲಿದೆ, ಯಾವ ಶಾಸನದಲ್ಲಿದೆ ಎಂದು ಕೇಳಿದರು. ಎಲ್ಲೂ ಇಲ್ಲ ಎಂದಳು. ಹಾಗಾದರೆ ಆಡುವವನಿಗೆ ಮೊದಲೇ ಒಂದು ಎಚ್ಚರಿಕೆ ಕೊಡೋಣ, ಸೋತವನಿಗೆ ಯಾಕೆ ಸೋತೆ ಅಂತಲಾದರೂ ತಿಳಿಯಬೇಕಲ್ಲ ಎಂದರು. ಹೋಗುವವರು ಹೇಳಿ ಹೋಗುವುದಿಲ್ಲ ಎಂದಳು, ತಲೆ ತಗ್ಗಿಸಿದಳು. ಅವರು ಮತ್ತೇನೂ ಕೇಳಲಿಲ್ಲ. ಸಾಲಿಗೊಂದು ನಂಬರು ಹಾಕಿ, ಒಂದೊಂದೇ ಕೀಲಿ ಒತ್ತಿ, ಆ ನಿಯಮವನ್ನು ಒಂದೇ ಸಾಲಿನಲ್ಲಿ ಬರೆದರು. ಬರೆದು, ಸರಿಯಾ ನೋಡಿ ಎಂದು ಕುರ್ಚಿ ಹಿಂದಕ್ಕೆ ಸರಿಸಿ ಅವಳಿಗೆ ಜಾಗ ಬಿಟ್ಟರು. ಎಲ್ಲೂ ಇಲ್ಲದ ಮಾತನ್ನು, ಅವಳು ಹೇಳಿದಳೆಂಬ ಒಂದೇ ಕಾರಣಕ್ಕೆ, ಒಬ್ಬ ಗಣಿತದ ಮೇಷ್ಟರು ನಿಜ ಮಾಡಿದ್ದರು. ಅವಳು ಅವರನ್ನು ಪ್ರೀತಿಸತೊಡಗಿದ್ದು ಅಲ್ಲಿ. ಬೇರೆ ಎಲ್ಲೋ ಎಂದು ಹುಡುಕಿದರೆ ಸುಳ್ಳಾಗುತ್ತದೆ.

ಲಾಂಗ್ ಬೆಲ್ ಹೊಡೆಯಿತು. ಹುಡುಗರು ಗೇಟಿನಿಂದ ಹೊರಗೆ ಸುರಿಯುತ್ತಿರುವಾಗ ಅಪ್ಪ ಅವರ ನಡುವೆ ಛತ್ರಿ ಎತ್ತಿ ಹಿಡಿದು ದಾರಿ ಮಾಡಿಕೊಂಡು ಬರುತ್ತಿದ್ದರು. ಇಸ್ತ್ರಿ ಮಾಡಿದ ಪಂಚೆ, ಕಚೇರಿಗೆ ಹೋಗುತ್ತಿದ್ದಾಗಿನ ಮುಚ್ಚುಕಾಲರಿನ ಕೋಟು. ಕಂಪ್ಯೂಟರಿಗೆ ಮರ್ಯಾದೆ ಕೊಡಲು ಕೋಟು ಹಾಕಿಕೊಂಡು ಬಂದಿದ್ದಾರೆ ಎಂದು ನೋಡಿದ ಕ್ಷಣ ಅವಳಿಗೆ ಅಳು ಬರುವಷ್ಟು ಪ್ರೀತಿ ಬಂತು. ಇದೇ, ಇದೇ ತನ್ನನ್ನು ಹಾಳು ಮಾಡುವುದು ಎಂದುಕೊಂಡಳು. ಕಲ್ಲೇಶಪ್ಪ ಎದ್ದು ನಮಸ್ಕಾರ ಮಾಡಿ, ಬನ್ನಿ ಸಾರ್ ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಅವಳ ಕಡೆ ನೋಡಿದರು. ಹೇಳಿದಿರಾ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಅವಳು ತಲೆಯಾಡಿಸಿದಳು, ಇಲ್ಲ. ಅವರು ಯಾವ ಕೀಲಿ ಯಾವುದಕ್ಕೆ ಎಂದು ಅಪ್ಪನಿಗೆ ವಿವರಿಸತೊಡಗಿದರು.

ಅಪ್ಪ ಆಟದಲ್ಲಿ ಎತ್ತಿದ ಕೈ ಎಂದು ಬೇಗನೇ ತಿಳಿಯಿತು. ಹುಡುಗರೆಲ್ಲ ಮೊದಲ ವರ್ಷವೇ ಇಡೀ ಊರನ್ನು ಮದ್ದು ಮಾಡಲು ಹಚ್ಚಿ, ಎರಡನೇ ವರ್ಷ ಹಸಿವಿನಿಂದ ಸಾಯಿಸಿ, ಕೇಕೆ ಹಾಕುತ್ತಿದ್ದರು. ಅಪ್ಪ ಕನ್ನಡಕ ಸರಿ ಮಾಡಿಕೊಂಡು, ಒಂದು ಮನೆಗೆ ವರ್ಷಕ್ಕೆ ಎಷ್ಟು ಬತ್ತ ಎಂದು ಕೇಳಿದರು. ಬೀಜಕ್ಕೆ ಎಷ್ಟು ಬಿಡಬೇಕು ಎಂದು ಕೇಳಿದರು. ಮದ್ದು ಎಷ್ಟಿದ್ದರೆ ಕೋಟೆ ನಿಲ್ಲುತ್ತದೆ ಎಂದು ಕೇಳಿ, ಅಷ್ಟಕ್ಕೆ ಎಷ್ಟು ಮನೆ ಬೇಕೋ ಅಷ್ಟನ್ನೇ ಪೆಟ್ಲುಪ್ಪಿಗೆ, ಇದ್ದಿಲಿಗೆ ಹಾಕಿ, ಉಳಿದವರನ್ನೆಲ್ಲ ನೇಗಿಲಿಗೆ ಬಿಟ್ಟರು. ಶತ್ರು ಬಂದ, ಹಿಂದೆ ಹೋದ. ಕಣಜ ತುಂಬಿತು. ಕೆಲಸ ಕಲಿತವರನ್ನು ಅಲ್ಲಿಂದ ಇಲ್ಲಿಗೆ ಎಳೆದಾಡಬಾರದು, ಅವರವರ ಕೆಲಸದಲ್ಲಿ ಅವರವರು ಪಳಗಿರುತ್ತಾರೆ ಎಂದು ಕಲ್ಲೇಶಪ್ಪನವರಿಗೆ ಬುದ್ಧಿವಾದ ಹೇಳಿದರು. ಹೌದು ಸಾರ್ ಎಂದರು ಅವರು. ವನಮಾಲಾ ಕುರ್ಚಿಯ ಹಿಂದೆ ನಿಂತು ಅಪ್ಪನ ನೆತ್ತಿಯನ್ನು ನೋಡುತ್ತಿದ್ದಳು. ಬಾಗಿಲಲ್ಲಿ ಗಿಡ್ಡಪ್ಪ ಕೂಡ ಇವತ್ತು ಎಚ್ಚರವಾಗಿ, ಸಾಹೇಬ್ರು ಭಾರಿ ಗಟ್ಟಿಗ್ರು ಬಿಡಿ ಎಂದ. ಅಪ್ಪ ಮಕ್ಕಳಂತೆ ನಕ್ಕರು.

ಆಮೇಲೆ ಪೆಟ್ಲುಪ್ಪಿನವರು ಹೋದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅಷ್ಟೇ ಬಂತು, ಅವರು ಹೋದರು ಎಂದು. ಅಪ್ಪ ಕಣಜ ನೋಡಿದರು, ತುಂಬಿತ್ತು. ತಾವೇನೋ ತಪ್ಪು ಕೀಲಿ ಒತ್ತಿರಬೇಕೆಂದುಕೊಂಡು ಉಳುವವರಲ್ಲಿ ಕೆಲವರನ್ನು ಉಪ್ಪಿಗೆ ಹಾಕಿ ಮುಂದಿನ ವರ್ಷಕ್ಕೆ ಹೋದರು. ಇದ್ದಿಲಿನವರೂ ಹೋದರು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಬೆರಳು ಕೀಲಿಗಳ ಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ಸುಮ್ಮನೆ ಅಲೆಯುತ್ತಿತ್ತು. ಇದು ಬರಿಯ ಆಟ ಸಾರ್ ಎಂದು ಕಲ್ಲೇಶಪ್ಪ ಮೆಲ್ಲಗೆ ಹೇಳಿದರು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಕುರ್ಚಿಯಲ್ಲೇ ಹೊರಳಿ ಮಗಳ ಮುಖ ನೋಡಿದರು.

"ನಾನು ಅವರಿಗೇನೇ ಕಮ್ಮಿ ಮಾಡಿದ್ದೆ?"

ಕಲ್ಲೇಶಪ್ಪ ಅವಳನ್ನೇ ನೋಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಈ ಜನ್ಮದಲ್ಲಿ ಸಿಕ್ಕುವುದಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಅವರು ಸಾರ್‌ಗೆ ಚಹಾ ತರಿಸುತ್ತೇನೆಂದು ಹೇಳಿ, ತರಿಸುವ ಬದಲು ತಾವೇ ಗಿಡ್ಡಪ್ಪನನ್ನು ಕರೆದುಕೊಂಡು ಹೊರಟರು. ಹೆಡ್ ಮಾಸ್ಟರು ಹಾಕಿಸಿದ ಸ್ಟೂಲು ಖಾಲಿಯಾಯಿತು. ಕಲ್ಲೇಶಪ್ಪನವರ ಚಪ್ಪಲಿಯ ಸದ್ದು ಜಗಲಿಯುದ್ದಕ್ಕೂ ಹೋಯಿತು, ಬೇಕೆಂದೇ ನಿಧಾನವಾಗಿ. ವನಮಾಲಾ ಅಪ್ಪನ ಪಕ್ಕದಲ್ಲಿ ಕೂತಳು. ಏನೂ ಕಮ್ಮಿ ಮಾಡಿಲ್ಲ ಅಪ್ಪ ಎಂದಳು. ನಿಜವಾಗಿಯೂ ಅವರು ಏನೂ ಕಡಿಮೆ ಮಾಡಿರಲಿಲ್ಲ. ಜ್ವರ ಬಂದಾಗ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿದ್ದರು. ತಿಂಗಳ ಸಂಬಳವನ್ನು ಒಂದು ದಿನವೂ ಕೇಳಿದವರಲ್ಲ. ಅವಳಿಗೆ ಇಷ್ಟವೆಂದು ಪ್ರತಿ ಶುಕ್ರವಾರ ಸಂತೆಯಿಂದ ಸಂಪಿಗೆ ಹೂ ತರುತ್ತಿದ್ದರು, ಅವಳ ತಲೆಗೂದಲು ಬೆಳ್ಳಗಾಗಲು ಶುರುವಾದ ಮೇಲೂ ತರುತ್ತಿದ್ದರು. ಅಪ್ಪಾ, ನಾನು, ಎಂದಳು. ಅಷ್ಟು ಹೊರಗೆ ಬಂತು. ನಿಜವಾಗಿಯೂ ಬಂತು, ಅವಳ ಕಿವಿಗೇ ಕೇಳಿಸಿತು.

ಅಪ್ಪ ಪರದೆಯನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ನೀರಿತ್ತು. ವಯಸ್ಸಿನದೋ, ಪರದೆಯ ಬೆಳಕಿನದೋ, ಬೇರೆಯದೋ. "ಹೋಗ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನೇ ಕಳಿಸ್ತಿರಲಿಲ್ವೇ?" ಎಂದರು. ಅವಳು ಉಸಿರು ಹಿಡಿದಳು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಇವರನ್ನ ವಾಪಸ್ ಕರೆಯೋಕೆ ಆಗಲ್ವೇನೇ, ವನಾ? ನೀನೇ ಮಾಡಿದ್ದಲ್ವಾ ಇದನ್ನ, ನಿಂಗೆ ಗೊತ್ತಿರುತ್ತೆ."

ಹೇಳಬಹುದಿತ್ತು. ಆಗಲೂ ಹೇಳಬಹುದಿತ್ತು. ಆಗುವುದಿಲ್ಲ ಅಪ್ಪ, ಹೋದವರು ಹೋದ ಹಾಗೇ, ಹಾಗೆಂದು ನಿಯಮ ಮಾಡಿದವಳು ನಾನು, ನಾನೂ ಹೋಗುತ್ತೇನೆ, ಎಂದು. ಹದಿನೈದು ವರ್ಷದಿಂದ ಅವರು ಕೇಳಿದ್ದಕ್ಕೆ ಆಗುವುದಿಲ್ಲ ಎಂದು ಒಂದು ಸಲವೂ ಹೇಳದ ಬಾಯಿ ಅದು. ಅದಕ್ಕೆ ಆ ಶಬ್ದದ ದಾರಿಯೇ ಗೊತ್ತಿರಲಿಲ್ಲ. "ಆಗುತ್ತೆ ಅಪ್ಪ," ಎಂದಳು. ಮುಂದಕ್ಕೆ ಬಾಗಿ ಆಟ ನಿಲ್ಲಿಸಿದಳು. ಕಲ್ಲೇಶಪ್ಪನವರು ಬರೆದ ಸಾಲುಗಳನ್ನೆಲ್ಲ ಪರದೆಗೆ ತರಿಸಿದಳು. ಅದನ್ನು ಅವರೇ ಕಲಿಸಿದ್ದರು. ಸಾಲಿನ ನಂಬರು ಬರೆದು ಮುಂದೆ ಏನೂ ಬರೆಯದೆ ಕೀಲಿ ಒತ್ತಿದರೆ ಆ ಸಾಲೇ ಇಲ್ಲವಾಗುತ್ತದೆ ಎಂದು. ತನ್ನ ಸಾಲನ್ನು ಹುಡುಕುವುದು ಕಷ್ಟವಾಗಲಿಲ್ಲ. ನಂಬರು ಬರೆದಳು, ಒತ್ತಿದಳು. ಯಾವ ಸದ್ದೂ ಆಗಲಿಲ್ಲ. ಆದರೆ ಅವಳ ಒಳಗೆ ಏನೋ ಹರಿದುಹೋಯಿತು, ಹರಿದದ್ದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಆಡಿ ಅಪ್ಪ, ಮೊದಲಿಂದ ಆಡಿ, ಈಗ ಯಾರೂ ಹೋಗುವುದಿಲ್ಲ ಎಂದಳು.

ಕಲ್ಲೇಶಪ್ಪ ಎರಡು ಕೈಯಲ್ಲಿ ಚಹಾದ ಲೋಟಗಳನ್ನು ಹಿಡಿದು ಬಂದಾಗ ಅಪ್ಪನ ಕೋಟೆಗೆ ಬಹಳ ವರ್ಷಗಳಾಗಿದ್ದವು. ಅವರ ಮುಖದಲ್ಲಿ ಒಂದು ಆಸೆ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಇತ್ತು. ಪರದೆ ನೋಡಿದರು. ಪೆಟ್ಲುಪ್ಪಿನವರು ಇದ್ದರು. ಒಂದು ವರ್ಷ ಕಳೆಯಿತು, ಇನ್ನೂ ಇದ್ದರು. ಇನ್ನೊಂದು ವರ್ಷ ಕಳೆಯಿತು. ಆ ಆಟದ ಹೊಟ್ಟೆಯೊಳಗೆ ಏನೇನಿದೆ ಎಂದು ಬಲ್ಲ ಮನುಷ್ಯ ಅವರು, ಯಾರೂ ಹೇಳಬೇಕಾಗಿರಲಿಲ್ಲ. ಲೋಟಗಳನ್ನು ಮೇಜಿನ ಮೇಲೆ ಇಟ್ಟರು. ಒಂದು ತುಳುಕಿ ಅವರ ಬೆರಳಿನ ಮೇಲೆ ಬಿತ್ತು, ಬಿಸಿಯಿತ್ತು, ಒರೆಸಿಕೊಳ್ಳಲಿಲ್ಲ. ವನಮಾಲಾ ಅವರ ಮುಖ ನೋಡಲಿಲ್ಲ. ನೋಡಿದರೆ ಸಿಟ್ಟು ಕಾಣಬಹುದೆಂದು ಹೆದರಿರಲಿಲ್ಲ. ಸಿಟ್ಟಿರುವುದಿಲ್ಲ ಎಂದು ಹೆದರಿದ್ದಳು.

ಕೊನೆಯ ಮುತ್ತಿಗೆಯೂ ಮುಗಿದು ಗೆಲುವಿನ ಅಕ್ಷರ ಬಂತು. ಅಪ್ಪ ಎರಡು ಕೈಯನ್ನೂ ತೊಡೆಗೆ ಬಡಿದುಕೊಂಡು ನಕ್ಕರು, ಕಲ್ಲೇಶಪ್ಪನವರ ಮೊಣಕೈ ಹಿಡಿದು ಕುಲುಕಿದರು. ನೋಡಿ ಮೇಷ್ಟ್ರೇ, ಅಷ್ಟು ವರ್ಷ ಯುದ್ಧ, ಒಬ್ಬರೂ ಸಾಯಲಿಲ್ಲ, ಒಬ್ಬರೂ ಬಿಟ್ಟು ಹೋಗಲಿಲ್ಲ, ಎಲ್ಲರನ್ನೂ ಉಳಿಸಿಕೊಂಡೆ ಎಂದರು. ಬಹಳ ದಿನಗಳ ಮೇಲೆ ಅವಳು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು. ಗೆದ್ರಿ ಸಾರ್ ಎಂದರು ಕಲ್ಲೇಶಪ್ಪ. ನಿಜವಾದ ಗೌರವದಿಂದಲೇ ಅಂದರು. ಆಮೇಲೆ ಮೇಜಿನ ಮೂಲೆಯ, ಆಟವನ್ನು ಉಳಿಸಿಡುವ ಟೇಪ್ ರೆಕಾರ್ಡರನ್ನು ಹತ್ತಿರಕ್ಕೆ ಎಳೆದುಕೊಂಡರು. ಸುಮ್ಮನೆ ಸ್ವಿಚ್ ಆರಿಸಿದರೆ ಇವತ್ತು ಮಾಡಿದ್ದೆಲ್ಲ ಅಳಿಸಿಹೋಗಿ ಟೇಪಿನಲ್ಲಿದ್ದ ಹಳೆಯ ಆಟ ಹಾಗೇ ಉಳಿಯುತ್ತದೆ. ಟೇಪಿಗೆ ಹಾಕಿದರೆ ಹಳೆಯದರ ಮೇಲೆ ಇದೇ ಕೂರುತ್ತದೆ, ಆ ಸಾಲು ಮತ್ತೆಲ್ಲೂ ಇರುವುದಿಲ್ಲ. ಸೋಮವಾರದಿಂದ ಅದನ್ನು ಮತ್ತೆ ಬರೆಯುವವರು ಇಲ್ಲಿ ಯಾರೂ ಇಲ್ಲ. ಇಬ್ಬರಿಗೂ ಇದು ಗೊತ್ತಿತ್ತು. ಅವರು ಅವಳ ಕಡೆ ತಿರುಗಲಿಲ್ಲ, ಗುಂಡಿಗಳ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಇನ್ನೊಂದು ಸಲ ಕೇಳುವ ಶಕ್ತಿ ಇಲ್ಲ ಎಂದವರು ಕೇಳಿದರು.

"ಇದನ್ನ ಹಿಂಗೇ ಟೇಪಿಗೆ ಹಾಕ್ಲಾ, ಮೇಡಂ?"

ಅಪ್ಪ ಚಹಾ ಕುಡಿಯುತ್ತಿದ್ದರು. ಲೋಟದ ಮೇಲಿನಿಂದ ಮಗಳನ್ನು ನೋಡಿ, ಹಾಕಿಸೇ, ಚೆನ್ನಾಗಿ ಬಂದಿದೆ ಎಂದರು. ಬೇಡ ಎಂದರೆ ಸಾಕಿತ್ತು. ಎರಡೇ ಅಕ್ಷರ. ಅವಳ ತುಟಿ ಅದಕ್ಕೆ ಸಿದ್ಧವಾಯಿತು ಕೂಡ.

"ಹಾಕಿ," ಎಂದಳು.

ಅವರು ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದರು. ಟೇಪು ಸುತ್ತತೊಡಗಿತು. ಅದು ಸುತ್ತಿ ಮುಗಿಯುವವರೆಗೆ ಅಲ್ಲಿ ನಿಲ್ಲುವುದು ಅವಳಿಂದ ಆಗಲಿಲ್ಲ. ಕಣ್ಣು ಮಂಜಾಗಿ, ಬಾಗಿಲಿನ ಹೊರಗೆ ಬಿಟ್ಟ ಚಪ್ಪಲಿಗಳಲ್ಲಿ ತನ್ನದು ಯಾವುದೆಂದು ಕಾಣದೆ ಕಾಲಿನಿಂದ ತಡವಿದಳು, ಸಿಕ್ಕಿದ್ದನ್ನು ಮೆಟ್ಟಿಕೊಂಡು ಜಗಲಿಯಲ್ಲಿ ಬೇಗ ಬೇಗ ನಡೆದಳು. ಮೈದಾನದಲ್ಲಿ ಒಬ್ಬರೂ ಇರಲಿಲ್ಲ. ಗೇಟು ತೆರೆದೇ ಇತ್ತು, ಅದರಾಚೆ ಬಸ್ ಸ್ಟ್ಯಾಂಡಿನ ಕಡೆ ಹೋಗುವ ರಸ್ತೆ. ಹಿಂದಿನಿಂದ ಅಪ್ಪ ಕರೆದರು.

"ನಿಲ್ಲೇ, ವನಾ. ನಾನೂ ಬಂದೆ."

ನಿಂತಳು.